ಕಡಲೊಳಗಿನ ರಿಂಗಿಗೂ ಒಂದು ಬಿಟ್ಟುವಟ್ಟ ಬೇಕು

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಸಣ್ಣ ಸಿಮೆಂಟ್ ಯಾರ್ಡ್ ಇದೆ. ಬಾವಿ ರಿಂಗು, ಇಂಗುಗುಂಡಿ ರಿಂಗು, ಬೇಲಿ ಕಂಬ, ದನಕ್ಕೆ ನೀರಿಡುವ ತೊಟ್ಟಿ, ಇಷ್ಟೇ ನನ್ನ ಮಾಲು. ಇಂಥವನು ಕಡಲಿನ ವಿಷಯ ಬರೆದರೆ ಅಧಿಕಪ್ರಸಂಗ ಅನ್ನಿಸಬಹುದು. ಆದರೆ ದೇಶದ ಕರಾವಳಿಯುದ್ದಕ್ಕೂ ಈಗ ಕೋಟಿಗಟ್ಟಲೆ ರೂಪಾಯಿಯ ಕಾಂಕ್ರೀಟನ್ನು ಕಡಲ ತಳಕ್ಕೆ ಇಳಿಸುತ್ತಿದ್ದಾರೆ. ಮೀನಿಗೆ ಮನೆ ಕಟ್ಟುತ್ತೇವೆ ಎನ್ನುತ್ತಾರೆ. ಅದರ ನಮೂನೆಗಳಲ್ಲಿ ಒಂದು ಸಾಕ್ಷಾತ್ ಬಾವಿ ರಿಂಗು. ನನ್ನ ಕಸುಬಿನ ಮಾಲು ಅಷ್ಟು ದೂರ ಹೋದ ಮೇಲೆ ನಾನೂ ಎರಡು ಮಾತು ಆಡಬಹುದು ಅಂದುಕೊಂಡಿದ್ದೇನೆ. ಕಡಲಿಗೂ ಅರಸೀಕೆರೆಗೂ ಇನ್ನೊಂದು ನಂಟು ಇತ್ತೀಚೆಗೆ ಬೆಳೆದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾಗದಪತ್ರದಲ್ಲಿ ಇದರ ಹೆಸರು ಕೃತಕ ಬಂಡೆಸಾಲು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ 2023ರ ಹೊತ್ತಿಗೆ ಹತ್ತು ರಾಜ್ಯಗಳಿಗೆ ಇಂಥ 732 ಘಟಕಗಳು ಮಂಜೂರಾಗಿದ್ದವು. ಅದರ ಖರ್ಚು 126 ಕೋಟಿ ರೂಪಾಯಿ. ತಾಂತ್ರಿಕ ಸಲಹೆ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯದು. ಕೇರಳದ ತಿರುವನಂತಪುರ ಜಿಲ್ಲೆಯೊಂದಕ್ಕೇ 42 ಮೀನುಗಾರರ ಊರುಗಳ ಎದುರು, ಊರಿಗೆ 150ರಂತೆ, 6,300 ಕಾಂಕ್ರೀಟ್ ಅಚ್ಚುಗಳ ಯೋಜನೆ, ಖರ್ಚು 13.02 ಕೋಟಿ. ತ್ರಿಕೋನದ್ದು, ಹೂವಿನಾಕಾರದ್ದು, ಪೈಪಿನದ್ದು ಎಂದು ಬಗೆಬಗೆಯ ಅಚ್ಚು. ಒಂದೊಂದೂ ಟನ್ನಿಗಿಂತ ಹೆಚ್ಚು ಭಾರ.

ಇದು ಯಾಕೆ ಬೇಕಾಯಿತು ಅನ್ನುವುದನ್ನು ಒಳನಾಡಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಡಲಿನ ತಳ ಅಂದರೆ ಬರೀ ಮರಳಿನ ಹಾಸಲ್ಲ. ಅಲ್ಲಲ್ಲಿ ಬಂಡೆ, ಬಂಡೆಗೆ ಕಚ್ಚಿದ ಚಿಪ್ಪು, ಪಾಚಿ, ಸ್ಪಂಜು, ಅದರ ಸಂದಿಯಲ್ಲಿ ಮೊಟ್ಟೆ, ಮರಿ. ಟ್ರಾಲ್ ಬೋಟುಗಳು ಬಂದ ಮೇಲೆ ಭಾರದ ಬಲೆ ಈ ತಳವನ್ನು ವರ್ಷಕ್ಕೆ ಎಷ್ಟೋ ಸಲ ಗುಡಿಸುತ್ತಾ ಬಂದಿದೆ. ಸಣ್ಣಪುಟ್ಟ ಕಲ್ಲು ಉರುಳಿತು, ಚಿಪ್ಪಿನ ಗುಡ್ಡೆ ಚದುರಿತು, ಮರಿ ಮೀನಿಗೆ ಅಡಗುವ ಜಾಗವಿಲ್ಲದಾಯಿತು. ಅಂಥ ಬೋಳು ತಳದ ಮೇಲೆ ಗಟ್ಟಿ ವಸ್ತುವನ್ನು ಇಟ್ಟರೆ ಮೊದಲು ಪಾಚಿ ಹಿಡಿಯುತ್ತದೆ, ಆಮೇಲೆ ಪಚ್ಚಿಲೆಯಂಥ ಚಿಪ್ಪು ಕಚ್ಚುತ್ತದೆ, ಅದನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡದು. ಜಪಾನಿನವರು ಇದನ್ನು ತಲೆಮಾರುಗಳಿಂದ ಮಾಡುತ್ತಿದ್ದಾರೆ. ತಮಿಳುನಾಡಿನ ಕರಾವಳಿಯಲ್ಲೂ ದಶಕಗಳ ಅನುಭವ ಇದೆ. ತೂತ್ತುಕುಡಿಯ ಬಳಿಯ ವಾನ್ ದ್ವೀಪ ಕರಗಿ ಹೋಗುತ್ತಿದ್ದಾಗ ಅದರ ಸುತ್ತ ಕಾಂಕ್ರೀಟ್ ಅಚ್ಚುಗಳನ್ನು ಇಳಿಸಿ ಅಲೆಯ ಹೊಡೆತ ತಗ್ಗಿಸಿದರು, ಅಲ್ಲಿ ಮೀನೂ ಸೇರಿದವು. ಹಾಗಾಗಿ ಇದು ಬೂಟಾಟಿಕೆ ಎಂದು ತಳ್ಳಿಹಾಕುವ ಜನರ ಜೊತೆ ನಾನಿಲ್ಲ.

ಕಸುಬುದಾರನ ಕಣ್ಣು ಮೊದಲು ಅಚ್ಚಿನ ಮೇಲೇ ಹೋಗುತ್ತದೆ. ನನ್ನ ಗಿರಾಕಿಗಳಿಗೆ ರಿಂಗಿನ ಮೈ ನುಣ್ಣಗಿರಬೇಕು, ಇಲ್ಲದಿದ್ದರೆ ಮುಖ ಸಿಂಡರಿಸುತ್ತಾರೆ. ಕಡಲಿನ ಗಿರಾಕಿಗಳಿಗೆ ಒರಟು ಮೈಯೇ ಬೇಕು, ನುಣುಪಿಗೆ ಏನೂ ಕಚ್ಚುವುದಿಲ್ಲ. ಒಳಗಿನ ಕಂಬಿಗೆ ಉಪ್ಪುನೀರು ತಾಗಿದರೆ ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಹಾಗಾಗಿ ಕಂಬಿಯ ಮೇಲೆ ದಪ್ಪ ಹೊದಿಕೆ ಬೇಕು ಅಥವಾ ಕಂಬಿಯೇ ಇಲ್ಲದ ಅಚ್ಚು ಬೇಕು. ಸಿಮೆಂಟೂ ಅಷ್ಟೇ, ಕಬ್ಬಿಣದ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟು ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಹೊಸ ಕಾಂಕ್ರೀಟಿನ ಸುಣ್ಣದ ಅಂಶ ಇನ್ನೊಂದು ತಕರಾರು. ಹೊಸ ತೊಟ್ಟಿಗೆ ಅವಸರದಲ್ಲಿ ಮೀನು ಬಿಟ್ಟು ಮಾರನೆಯ ದಿನ ಅಂಗಾತ ತೇಲಿದ್ದನ್ನು ಕಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ತೊಟ್ಟಿಯಲ್ಲಿ ನೀರು ನಿಲ್ಲಿಸಿ, ಚೆಲ್ಲಿ, ಮತ್ತೆ ನಿಲ್ಲಿಸಿ ಆ ಖಾರ ಇಳಿಸಬೇಕು. ಕಡಲು ದೊಡ್ಡದು, ಮೀನು ಸಾಯುವುದಿಲ್ಲ. ಆದರೆ ಅಚ್ಚಿನ ಮೈ ತಣಿಯುವವರೆಗೆ ಅದರ ಮೇಲೆ ಜೀವ ಹಿಡಿಯುವುದು ನಿಧಾನ. ಸರಿಯಾಗಿ ಕ್ಯೂರಿಂಗ್ ಆಗದ ಮಾಲನ್ನು ಮಾರ್ಚ್ ಕೊನೆಯ ಬಿಲ್ಲಿಗೋಸ್ಕರ ನೀರಿಗೆ ಇಳಿಸಿದರೆ ಏನಾಗುತ್ತದೆ ಅನ್ನುವುದನ್ನು ಗುತ್ತಿಗೆ ಕೆಲಸ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಅಡಿಯಲ್ಲಿ ಕೆಸರಿದ್ದರೆ ಟನ್ ಭಾರದ ರಿಂಗು ಒಂದೆರಡು ಮಳೆಗಾಲದಲ್ಲಿ ಹೂತೇ ಹೋಗುತ್ತದೆ. ಜಾಗ ತೋರಿಸಲು ಅಲ್ಲಿ ಬಲೆ ಬಿಟ್ಟ ಮೀನುಗಾರನೇ ಬೇಕು.

ಇವೆಲ್ಲ ಬಗೆಹರಿಯುವ ಸಂಗತಿಗಳು. ಬಗೆಹರಿಯದೆ ಉಳಿದದ್ದು, ಇಳಿಸಿದ ಮೇಲೆ ಅದನ್ನು ಕಾಯುವವರು ಯಾರು ಅನ್ನುವುದು.

ನಮ್ಮ ಕರಾವಳಿಯಲ್ಲೇ ಇದಕ್ಕೊಂದು ಪಾಠವಿದೆ. ತೆಂಗಿನ ಹೊಂಬಾಳೆ ಒಣಗಿದ ಮೇಲೆ ಅರಸೀಕೆರೆಯಲ್ಲಿ ಅದು ಸ್ನಾನದ ಒಲೆಗೆ ಸೌದೆ. ಕಡಲಲ್ಲಿ ಅದೇ ಹೊಂಬಾಳೆಯ ಕಂತೆಗೆ ಮರಳಿನ ಚೀಲ ಕಟ್ಟಿ ಮುಳುಗಿಸುತ್ತಾರೆ. ಬೊಂಡಾಸ್ (ಸ್ಕ್ವಿಡ್) ಜಾತಿಯ ಜೀವಿಗಳು ಮೊಟ್ಟೆ ಅಂಟಿಸಲು ಇಂಥ ಕಡ್ಡಿಯನ್ನು ಹುಡುಕುತ್ತಾ ಬರುತ್ತವೆ. ಬಂದದ್ದನ್ನು ಗಾಳದಲ್ಲಿ ಒಂದೊಂದಾಗಿ ಎತ್ತಿಬಿಡುತ್ತಾರೆ. ಎತ್ತಿದ್ದೆಲ್ಲ ಮೊಟ್ಟೆಯಿಡಲು ಬಂದ ತಾಯಿ, ಜೊತೆಗೆ ಬಂದ ಗಂಡು. ಕಡಲ ವಿಜ್ಞಾನಿಗಳು ಇದರ ಬಗ್ಗೆ ಎಚ್ಚರಿಸಿದ್ದಾರೆ, ಟ್ರಾಲ್ ಬೋಟಿನವರಿಗೂ ಈ ಗಾಳದವರಿಗೂ ಜಗಳವಾಗಿದೆ. ಹೊಂಬಾಳೆಯ ಕಂತೆಯೂ ಒಂದು ಕೃತಕ ಬಂಡೆಸಾಲೇ. ಜೀವಕ್ಕೆ ನೆಲೆ ಒದಗಿಸುತ್ತದೆ, ಆ ನೆಲೆಯಲ್ಲೇ ಹಿಡಿದು ಮುಗಿಸುತ್ತದೆ. ಹಾಗಾದರೆ ಕಾಂಕ್ರೀಟ್ ರಿಂಗಿನ ಸುತ್ತ ಮೀನು ಜಾಸ್ತಿ ಕಂಡಿತು ಎಂದರೆ ಮೀನು ಹೆಚ್ಚಾಯಿತು ಎಂದೇ ಅರ್ಥವಲ್ಲ. ಹತ್ತು ಮೈಲಿಯಲ್ಲಿ ಚದುರಿದ್ದ ಮೀನು ಒಂದು ಕಡೆ ಗುಂಪುಗೂಡಿರಬಹುದು. ಗುಂಪುಗೂಡಿದ್ದನ್ನು ಹಿಡಿಯುವುದು ಸುಲಭ. ಕಾವಲಿಲ್ಲದ ಬಂಡೆಸಾಲು ಬಲೆಯವನಿಗೆ ಬರೆದುಕೊಟ್ಟ ವಿಳಾಸ.

ಇನ್ನು ಕಾವಲೂ ಇಲ್ಲದೆ, ಯೋಚನೆಯೂ ಇಲ್ಲದೆ ಹಾಕಿದ್ದು ಏನಾಗುತ್ತದೆ ಅನ್ನುವುದನ್ನು ಅಮೆರಿಕದ ಫ್ಲಾರಿಡಾದಲ್ಲಿ ನೋಡಿ. 1970ರ ದಶಕದಲ್ಲಿ ಫೋರ್ಟ್ ಲಾಡರ್‌ಡೇಲ್ ಎದುರಿನ ಕಡಲಿಗೆ ಸುಮಾರು 20 ಲಕ್ಷ ಹಳೆ ಟೈರುಗಳನ್ನು ಕಂತೆ ಕಟ್ಟಿ ಹಾಕಿದರು. ಮೀನಿಗೂ ಮನೆ, ಊರಿಗೂ ಕಸ ಖಾಲಿ ಎಂಬ ಲೆಕ್ಕ. ಕಟ್ಟು ಬಿಚ್ಚಿಹೋಗಿ ಟೈರುಗಳು ಉರುಳಾಡಿ ಪಕ್ಕದಲ್ಲಿದ್ದ ನಿಜವಾದ ಹವಳದ ಬಂಡೆಗಳನ್ನೇ ಉಜ್ಜಿ ಕೆಡಿಸಿದವು. 2007ರಿಂದ ಸೇನೆಯ ಮುಳುಗುಗಾರರನ್ನು ಇಳಿಸಿ ಅವನ್ನು ಮೇಲೆತ್ತಿಸಬೇಕಾಯಿತು.

ಇದಕ್ಕೆ ಎದುರಾಗಿ ಇಟಲಿಯ ತಲಮೋನೆ ಎಂಬ ಊರಿದೆ. ಅಲ್ಲಿನ ಪಾವೊಲೊ ಫಾಂಚುಲ್ಲಿ ಎಂಬ ಮೀನುಗಾರ, ದಡದ ಹತ್ತಿರ ಕದ್ದು ಬರುವ ಟ್ರಾಲ್ ಬೋಟುಗಳ ಕಾಟ ತಾಳಲಾರದೆ, ಕರಾರಾದ ಅಮೃತಶಿಲೆಯ ಗಣಿಯವರಿಂದ ಬಂಡೆಗಳನ್ನು ದಾನವಾಗಿ ಪಡೆದು, ಕಲಾವಿದರಿಂದ ಶಿಲ್ಪ ಕೆತ್ತಿಸಿ ಕಡಲಿಗೆ ಇಳಿಸಿದ. ಗುಡಿಸುವ ಬಲೆ ಶಿಲ್ಪಕ್ಕೆ ಸಿಕ್ಕಿಕೊಂಡರೆ ಹರಿದು ಚಿಂದಿಯಾಗುತ್ತದೆ. ಬೇಲೂರು ಹಳೇಬೀಡಿನ ಪಕ್ಕ ಹುಟ್ಟಿ ಬೆಳೆದ ನನಗೆ ಈ ಸಂಗತಿ ಕೇಳಿ ಖುಷಿಯಾಯಿತು, ಒಂದಷ್ಟು ಹೊಟ್ಟೆಕಿಚ್ಚೂ ಆಯಿತು. (ನಮ್ಮ ಬಳಪದ ಕಲ್ಲಿನ ಶಿಲ್ಪಗಳನ್ನು ಕಳಿಸೋಣ ಎಂದು ಯಾರೂ ಹೊರಡಬೇಡಿ. ಅದು ಮೃದು ಕಲ್ಲು, ಅಲೆಗಲ್ಲ ಹೇಳಿ ಮಾಡಿಸಿದ್ದು.) ಆದರೆ ತಲಮೋನೆಯಲ್ಲಿ ಕೆಲಸ ಮಾಡಿದ್ದು ಶಿಲ್ಪಕ್ಕಿಂತ ಹೆಚ್ಚಾಗಿ ಆ ಮೀನುಗಾರ. ದಿನವೂ ಅದೇ ನೀರಿಗೆ ದೋಣಿ ಇಳಿಸುವ, ಕಳ್ಳ ಬೋಟು ಬಂದರೆ ಕಂಡುಹಿಡಿಯುವ ಮನುಷ್ಯ ಅಲ್ಲೇ ಇದ್ದ.

ಈ ಕಾಯುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಹಳೇಬೀಡಿಗೆ ಬರುವ ಪ್ರವಾಸಿಗರು ಹೊಯ್ಸಳೇಶ್ವರನ ಗುಡಿ ನೋಡಿ, ಫೋಟೊ ತೆಗೆದು, ಎಳನೀರು ಕುಡಿದು ಹೋಗುತ್ತಾರೆ. ಪಕ್ಕದಲ್ಲೇ ಇರುವ ದ್ವಾರಸಮುದ್ರ ಕೆರೆಯ ಏರಿಯ ಮೇಲೆ ನಿಲ್ಲುವವರು ಕಡಿಮೆ. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟದ್ದು ಆ ಕೆರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಪಟಾಕಿ ಹೊಡೆದೆವು, ಕೆರೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅರಸೀಕೆರೆಯ ಹೆಸರಲ್ಲೂ ಕೆರೆಯಿದೆ, ಬೇಲೂರಿನಲ್ಲಿ ವಿಷ್ಣುಸಮುದ್ರ ಇದೆ. ಕಡಲೇ ಇಲ್ಲದ ನಾಡಿನಲ್ಲಿ ಕೆರೆಗೆ ಸಮುದ್ರ ಎಂದು ಹೆಸರಿಟ್ಟ ಜನ ನಮ್ಮವರು.

ಕೆರೆಯೂ ಮನುಷ್ಯ ಕಟ್ಟಿದ್ದೇ. ಮಣ್ಣಿನ ಏರಿ, ಕಲ್ಲಿನ ತೂಬು, ಕೋಡಿ. ಕಟ್ಟಿ ಬಿಟ್ಟರೆ ಹೂಳು ತುಂಬುತ್ತದೆ, ಏರಿಯಲ್ಲಿ ಹೆಗ್ಗಣ ಬಿಲ ತೋಡುತ್ತದೆ, ತೂಬು ಸೋರುತ್ತದೆ. ಇದು ಗೊತ್ತಿದ್ದುದರಿಂದಲೇ ಹಳಬರು ಕೆರೆ ಕಟ್ಟಿಸುವಾಗಲೇ ಅದರ ಮುಂದಿನ ಖರ್ಚಿಗೂ ದಾರಿ ಮಾಡುತ್ತಿದ್ದರು. ಕೆರೆಯ ಕೆಳಗಿನ ಗದ್ದೆಯಲ್ಲಿ ಇಷ್ಟು ಭೂಮಿ ಕೆರೆಗೇ ಸೇರಿದ್ದು ಎಂದು ಬಿಡುವುದು ಬಿಟ್ಟುವಟ್ಟ. ಕಟ್ಟಿಸಿದವನಿಗೆ, ಕಾಪಾಡುವವನಿಗೆ ಕೊಡುವ ಭೂಮಿ ಕಟ್ಟುಕೊಡಗೆ. ಹೂಳು ಹೊರುವ ಬಂಡಿಗೆ, ಅದನ್ನು ಎಳೆಯುವ ಜಾನುವಾರಿಗೆ ದತ್ತಿ ಬಿಟ್ಟ ಶಾಸನಗಳೂ ಕರ್ನಾಟಕದಲ್ಲಿವೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿ ಹಾಕಿದರೆ ಗುಡಿಯ ಜೊತೆಗೆ ಕೆರೆಗೆ ಕೊಟ್ಟ ದತ್ತಿಗಳು ಸಾಲುಸಾಲಾಗಿ ಸಿಗುತ್ತವೆ. ನೀರು ಹಂಚಲು ನೀರಗಂಟಿ. ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಪಾಲು. ಇಷ್ಟು ಕಟ್ಟುಪಾಡು ಇದ್ದುದರಿಂದ ಒಂದು ಮಣ್ಣಿನ ಏರಿ ನೂರಾರು ವರ್ಷ ನಿಂತಿತು. ಅದು ಹೋದ ಮೇಲೆ ಏನಾಯಿತು ಅನ್ನುವುದಕ್ಕೆ ನಮ್ಮ ಸುತ್ತಲಿನ ಕೆರೆಗಳೇ ಸಾಕ್ಷಿ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಕೆರೆ ಅಭಿವೃದ್ಧಿ ಯೋಜನೆ ಬಂತು, ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ನಾನೂ ತೂಬಿನ ಕೆಲಸಕ್ಕೆ ಪೈಪು ಮಾರಿದ್ದೇನೆ. ಹಣ ಇರುವವರೆಗೆ ಸಭೆ ನಡೆದವು. ನಾನು ಪೈಪು ಕೊಟ್ಟ ಊರುಗಳಲ್ಲಿ ಈಗ ಉಳಿದದ್ದು ತುಕ್ಕು ಹಿಡಿದ ಬೋರ್ಡು. ಸಂಘಕ್ಕೆ ಬಿಟ್ಟುವಟ್ಟ ಇರಲಿಲ್ಲ ನೋಡಿ.

ಕಡಲಿನ ಕಾಂಕ್ರೀಟಿಗೆ ಈಗ ಅದೇ ಗತಿ ಬರುವುದು ನನಗೆ ಕಾಣುತ್ತಿದೆ. ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಂಬಿ, ಬಾರ್ಜಿನ ಬಾಡಿಗೆ ಇರುತ್ತದೆ, ಉದ್ಘಾಟನೆಗೆ ಮಂತ್ರಿ ಬರುತ್ತಾರೆ. ಹತ್ತನೆಯ ವರ್ಷ ಆ ಜಾಗ ಕಾಯುವವನ ಸಂಬಳ ಯಾವ ಕಲಮಿನಲ್ಲೂ ಇರುವುದಿಲ್ಲ.

ನನ್ನ ಮಗಳು ಬ್ಯಾಂಕಿನ ಕೆಲಸದಲ್ಲಿ ಮಂಗಳೂರಿಗೆ ವರ್ಗವಾಗಿ ತೊಕ್ಕೊಟ್ಟಿನಲ್ಲಿ ಮನೆ ಮಾಡಿದ ಮೇಲೆ ನಾನು ಉಳ್ಳಾಲದ ದಡ ನೋಡಿದ್ದು. ವಿಜಯಪುರದಿಂದ ಬರುವ ಮಂಗಳೂರು ರೈಲು ನಮ್ಮ ಅರಸೀಕೆರೆಗೆ ಬಂದು, ಹಾಸನ ದಾಟಿ ಸಕಲೇಶಪುರದ ಘಟ್ಟ ಇಳಿಯುತ್ತದೆ. ಸೇತುವೆ, ಸುರಂಗ, ಕೆಳಗೆ ಧುಮುಕುವ ಹಳ್ಳಗಳು. ಆ ಹಳ್ಳಗಳು ಕೆಂಪುಹೊಳೆಯಾಗಿ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ, ಕೊನೆಗೆ ಉಳ್ಳಾಲದ ಪಕ್ಕದಲ್ಲೇ ಕಡಲು ಸೇರುತ್ತವೆ. ಆ ಅಳಿವೆಯ ದಕ್ಷಿಣಕ್ಕೆ ದಡ ಕೊರೆದು ಕೊರೆದು ಮನೆಗಳು ಹೋದವು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು, ಕಳೆದ ದಶಕದಲ್ಲಿ ಸರ್ಕಾರ ಅಲ್ಲಿ ಅಲೆತಡೆ ಗೋಡೆಯನ್ನು ಸರಿಪಡಿಸಿತು, ಕಡಲಿನೊಳಗೆ ಎರಡು ಕೃತಕ ರೀಫ್‌ಗಳನ್ನು ಕಟ್ಟಿತು, ದಡದ ಹತ್ತಿರ ಬರ್ಮ್ ಎಂಬ ದಿಬ್ಬಗಳನ್ನು ಹಾಕಿತು. ಇವು ಮೀನಿಗಾಗಿ ಕಟ್ಟಿದ್ದಲ್ಲ, ಅಲೆಯ ಕಸುವು ಮುರಿಯಲು. ಕರ್ನಾಟಕದ ಕಡಲಲ್ಲಿ ಆಗಿರುವ ದೊಡ್ಡ ಪ್ರಯೋಗಗಳಲ್ಲಿ ಇದೊಂದು. ಉಳ್ಳಾಲದ ಒಂದಷ್ಟು ದಡಕ್ಕೆ ಉಸಿರು ಬಂತು. ಆದರೆ ಮುಂದೆ ದಕ್ಷಿಣದಲ್ಲಿ ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿ ಕಡೆ ಮಳೆಗಾಲದಲ್ಲಿ ಕಡಲು ರಸ್ತೆಯನ್ನೂ ಮನೆಯನ್ನೂ ತಿನ್ನುವುದು ನಿಂತಿಲ್ಲ.

ದಡದಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ ಹಿರಿಯರೊಬ್ಬರು ನನ್ನ ಮಾತಿನ ಧಾಟಿ ಕೇಳಿ, “ನೀವು ಘಟ್ಟದ ಮೇಲಿನವರಾ?” ಎಂದರು. ಅರಸೀಕೆರೆ ಎಂದೆ. “ಹೋ, ನಮ್ಮ ನೀರು ಹೋಗುವ ಕಡೆಯವರು” ಎಂದು ನಕ್ಕರು. ನಾನು ರಿಂಗಿನ ಕಸುಬಿನವನು ಎಂದು ತಿಳಿದ ಮೇಲೆ ನೇರವಾಗಿ ವಿಷಯಕ್ಕೆ ಬಂದರು. “ಕಲ್ಲು ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ ಮಾರಾಯ್ರೇ. ಆದರೆ ದಡ ನಿಲ್ಲುವುದು ಹೊಯಿಗೆಯಿಂದ. ಹೊಯಿಗೆ ತರುವುದು ಹೊಳೆ. ಹೊಳೆಗೆ ಮೇಲೆ ಕಟ್ಟ, ಕೆಳಗೆ ಲಾರಿ. ಮತ್ತೆ ಕಡಲು ಏನು ತಿನ್ನಬೇಕು? ನಮ್ಮ ಅಂಗಳವನ್ನೇ ತಿನ್ನುತ್ತದೆ.”

ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ, ಅದು ಬೇಕು. ಅವರು ಹೇಳಿದ ಹೊಯಿಗೆ, ಅಂದರೆ ಹೊಳೆಯ ಮರಳು, ನಮ್ಮಂಥವರ ಮನೆ, ಸೇತುವೆಗೆ ಹೋಗಿದೆ. ಅದನ್ನು ಬಳಸಿದ ಕೈಗಳಲ್ಲಿ ನನ್ನ ಕಸುಬಿನವರ ಕೈಯೂ ಸೇರಿದೆ. ಎಂ-ಸ್ಯಾಂಡ್ ಬಂದದ್ದು ಆಮೇಲೆ.

ಈಗ ಮೊದಲು ಹೇಳಿದ ಇನ್ನೊಂದು ನಂಟಿಗೆ ಬರುತ್ತೇನೆ. ಬೇಲೂರಿನ ಯಗಚಿ ಹೇಮಾವತಿಯನ್ನು ಸೇರಿ, ಕಾವೇರಿಯಾಗಿ ಪೂರ್ವದ ಕಡಲಿಗೆ ಹೋಗುತ್ತದೆ. ಪಶ್ಚಿಮದ ಕಡಲಿಗೂ ನಮ್ಮ ಊರಿಗೂ ನೀರಿನ ಲೆಕ್ಕಾಚಾರವೇ ಇರಲಿಲ್ಲ. ಎತ್ತಿನಹೊಳೆ ಯೋಜನೆ ಅದನ್ನು ಬದಲಿಸಿತು. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಮೇಲಕ್ಕೆತ್ತಿ ಪೂರ್ವಕ್ಕೆ ತಿರುಗಿಸುವುದು ಯೋಜನೆ. 24.01 ಟಿಎಂಸಿ ನೀರು, ಏಳು ಜಿಲ್ಲೆಗಳ 29 ತಾಲ್ಲೂಕು, 23,251.66 ಕೋಟಿ ರೂಪಾಯಿಯ ಅಂದಾಜು. ಅಷ್ಟು ನೀರು ಅಲ್ಲಿಲ್ಲ, ಸಿಗುವುದು 9.55 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೇಳಿದ್ದರು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ನೀರು ಪಡೆಯುವ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯೂ ಇದೆ.

ನಾನು ಆ ನೀರು ಬೇಡ ಎನ್ನುವವನಲ್ಲ. ಬರಗಾಲದಲ್ಲಿ ನಮ್ಮ ತಾಲ್ಲೂಕಿನ ತೆಂಗಿನ ತೋಟಗಳು ಸುಳಿ ಬಾಗಿ ನಿಂತದ್ದನ್ನು ಕಂಡಿದ್ದೇನೆ. ಕೊಬ್ಬರಿ ಮಾರಿ ಮಗಳ ಮದುವೆ ಮಾಡಬೇಕಾದವರು ಒಣಗಿದ ಮರ ಕಡಿಸಿ ಇಟ್ಟಿಗೆ ಗೂಡಿಗೆ ಮಾರಿದ್ದಾರೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲಕ್ಕೆ ಬಿದ್ದವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಕುಡಿಯುವ ನೀರು ಬರಲಿ, ಕೆರೆ ತುಂಬಲಿ. ನನಗೆ ಸಿಟ್ಟು ಬರುವುದು ಒಂದೇ ಮಾತಿಗೆ. “ಕಡಲಿಗೆ ಹರಿದು ವ್ಯರ್ಥವಾಗುವ ನೀರು.” ಎಲ್ಲ ಪಕ್ಷದವರ ವೇದಿಕೆಯಲ್ಲೂ ಈ ಮಾತು ಕೇಳಿದ್ದೇನೆ. ವ್ಯರ್ಥ ಯಾರಿಗೆ? ಹೊಳೆಯ ಜೊತೆ ಇಳಿಯುವುದು ಬರೀ ನೀರಲ್ಲ. ದಡಕ್ಕೆ ಹೊಯಿಗೆ, ಅಳಿವೆಗೆ ಮಣ್ಣು, ಕಡಲಿಗೆ ಕಾಡಿನ ಗೊಬ್ಬರ. ಮಳೆಗಾಲದಲ್ಲಿ ತಳದ ತಣ್ಣನೆ ನೀರು ಮೇಲೇಳುವುದೇ ನಮ್ಮ ಕರಾವಳಿಯ ಮೀನಿನ ಸಮೃದ್ಧಿಗೆ ಮುಖ್ಯ ಕಾರಣ, ನಿಜ. ಆದರೆ ಸಿಹಿನೀರೂ ಉಪ್ಪುನೀರೂ ಕೂಡುವ ಅಳಿವೆಯಲ್ಲೇ ಎಷ್ಟೋ ಸಿಗಡಿ, ಮೀನಿನ ಮರಿಗಳು ಬೆಳೆಯುವುದು. ಆ ಬೆರಕೆಯ ಹದ ಎಷ್ಟು ಸೂಕ್ಷ್ಮ ಎಂದು ತಿಳಿಯಲು ನನ್ನ ಯಾರ್ಡಿನ ಮುಂದಿನ ರಸ್ತೆ ಹಿಡಿದು ಕೊನೆಯವರೆಗೆ, ಹೊನ್ನಾವರಕ್ಕೆ ಹೋದರೆ ಸಾಕು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುದಾಗಾರದ ನೀರು ವರ್ಷವಿಡೀ ಶರಾವತಿಗೆ ಬಂದು ಅಳಿವೆಯ ಉಪ್ಪು ಇಳಿಯಿತು, ಬಳಚು ಎಂಬ ಚಿಪ್ಪುಜೀವಿ ಹೇಳಹೆಸರಿಲ್ಲದಂತಾಯಿತು. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿನಲ್ಲಿ ಹೆಂಗಸರು ಇಂದಿಗೂ ಬಳಚು ಹೆಕ್ಕುತ್ತಾರೆ, 2024ರಲ್ಲಿ ಆ ಅಳಿವೆ ಜೌಗು ನೆಲೆಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಒಂದು ಕಡೆ ಸಿಹಿನೀರು ಹೆಚ್ಚಾಗಿ ಕೆಟ್ಟಿತು, ಇನ್ನೊಂದು ಕಡೆ ಕಡಿಮೆಯಾದರೂ ಕೆಟ್ಟೀತು. ಘಟ್ಟದ ಮೇಲೆ ಗೇಟು ತಿರುಗಿಸುವವನಿಗೆ ಕಡಲ ದಡದ ಲೆಕ್ಕವೂ ಗೊತ್ತಿರಬೇಕು.

ಹೊಳೆಯ ತಲೆಯಲ್ಲಿ ನೀರು ತಿರುಗಿಸಿ, ಬಾಯಲ್ಲಿ ಕಾಂಕ್ರೀಟ್ ಇಟ್ಟು, ಜೀವನೆಲೆ ಸರಿಮಾಡಿದೆವು ಎಂದರೆ ಯಾರು ನಂಬಬೇಕು?

ಬಂಡೆಸಾಲಿನ ಲಾಭ ಯಾರಿಗೆ ಅನ್ನುವುದನ್ನೂ ಬಾಯಿಬಿಟ್ಟು ಹೇಳಬೇಕು. ಅರಸೀಕೆರೆಯ ಮೀನಿನಂಗಡಿಗೆ ಐಸ್ ಪೆಟ್ಟಿಗೆಯಲ್ಲಿ ಬರುವುದು ಬಂಗುಡೆ, ಭೂತಾಯಿ. ಬಡವರ ಸಾರಿಗೆ ಬೀಳುವುದು ಇವೇ. (ನಾನು ತಿನ್ನುವವನಲ್ಲ, ನನ್ನ ಕೆಲಸಗಾರರು ತಿನ್ನುವವರು. ವಾರಕ್ಕೊಮ್ಮೆ ಬೆಲೆಯ ಸುದ್ದಿ ನನ್ನ ಕಿವಿಗೂ ಬೀಳುತ್ತದೆ.) ಇವು ಹಿಂಡು ಕಟ್ಟಿ ಮೇಲುನೀರಿನಲ್ಲಿ ಅಲೆಯುವ ಮೀನುಗಳು. ತಳದ ರಿಂಗಿನಲ್ಲಿ ಸಂಸಾರ ಹೂಡುವ ಜಾತಿಯಲ್ಲ. ಬಂಡೆಸಾಲಿಗೆ ಬಂದು ನೆಲೆಸುವುದು ಗೊಬ್ರದಂಥ ಬಂಡೆ ಮೀನು. ಅದು ದೊಡ್ಡ ಹೋಟೆಲಿಗೆ, ರಫ್ತಿಗೆ ಹೋಗುವ ಮಾಲು. ಸಣ್ಣ ದೋಣಿಯಲ್ಲಿ ಗಾಳ ಹಾಕುವವನ ಕೈಗೆ ಆ ಬೆಲೆ ಸಿಕ್ಕರೆ ಯೋಜನೆ ಗೆದ್ದಂತೆ. ದೊಡ್ಡ ಬೋಟಿನವನು ರಾತ್ರಿ ಬಂದು ಸುತ್ತಲೂ ಬಲೆ ಬಿಟ್ಟು ಹೋದರೆ ಸರ್ಕಾರದ ಖರ್ಚಿನಲ್ಲಿ ಅವನಿಗೆ ಮೀನು ಗುಡ್ಡೆ ಹಾಕಿಕೊಟ್ಟಂತೆ. ಕಾನೂನು ಇಲ್ಲ ಎನ್ನುವಂತಿಲ್ಲ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನದ ರಜೆ ಇದೆ. ಬುಲ್ ಟ್ರಾಲಿಂಗ್, ಎಲ್‌ಇಡಿ ಬೆಳಕಿನ ಮೀನುಗಾರಿಕೆಯ ಮೇಲೆ 2017ರಿಂದ ಕೇಂದ್ರದ ನಿಷೇಧವಿದೆ. ಆದರೂ ನಾಡದೋಣಿಯವರು ವರ್ಷ ವರ್ಷ ಬೀದಿಗಿಳಿದು ಲೈಟ್ ಫಿಶಿಂಗ್ ನಿಲ್ಲಿಸಿ ಎಂದು ಕೂಗುವುದು ತಪ್ಪಿಲ್ಲ. ಬರೆದಿಟ್ಟ ಕಾನೂನನ್ನೇ ಕಾಯಲಾಗದ ಕಡೆ ಮುಳುಗಿಸಿಟ್ಟ ರಿಂಗನ್ನು ಯಾರು ಕಾಯುತ್ತಾರೆ?

ವಾನ್ ದ್ವೀಪದ ಮಾತನ್ನು ಇಲ್ಲಿ ಮತ್ತೆ ಎತ್ತಬೇಕು. ಅಲ್ಲಿ ಕಾಂಕ್ರೀಟ್ ಫಲ ಕೊಟ್ಟದ್ದಕ್ಕೆ ಒಂದು ಹಿನ್ನೆಲೆ ಇದೆ. ಆ ಸುತ್ತಿನ ಹವಳವನ್ನು ಸುಣ್ಣಕ್ಕಾಗಿ ದಶಕಗಟ್ಟಲೆ ಕಿತ್ತು ಸಾಗಿಸಿದ್ದರು. 2001ರಲ್ಲಿ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿತು, ಕಾಲಕ್ರಮದಲ್ಲಿ ಕೀಳುವುದು ನಿಂತಿತು. ಅಚ್ಚು ಇಳಿದದ್ದು ಅದಾದ ಮೇಲೆ. ಕೆಡಿಸುವ ಕೈಯನ್ನು ಮೊದಲು ಹಿಡಿದರು, ಆಮೇಲೆ ಕಟ್ಟಿದರು. ನಾವು ಕೆಡಿಸುವ ಕೈಗೆ ಕೈಮುಗಿದು ಕಟ್ಟಲು ಹೊರಟಿದ್ದೇವೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಕರ್ನಾಟಕದ ಕಡಲಿಗೆ ಇನ್ನು ಮುಂದೆ ಒಂದು ರಿಂಗು ಇಳಿಸುವ ಮೊದಲು, ಅದರ ಸುತ್ತ ಎಷ್ಟು ದೂರ ಯಾವ ಬಲೆ ಬಿಡಬಾರದು ಎಂಬ ಆದೇಶ ಹೊರಬೀಳಲಿ. ಆ ಜಾಗದ ಕಾವಲು ದಡದ ನಾಡದೋಣಿಯವರ ಸಹಕಾರಿ ಸಂಘಕ್ಕೆ ಬರಹದಲ್ಲಿ ಸಿಗಲಿ, ತಪ್ಪಿತಸ್ಥ ಬೋಟಿನ ದಂಡದಲ್ಲಿ ಅವರಿಗೂ ಪಾಲಿರಲಿ. ನೂರು ರೂಪಾಯಿಯ ಕಾಂಕ್ರೀಟಿಗೆ ಇಪ್ಪತ್ತೈದು ರೂಪಾಯಿಯನ್ನು ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಕಾವಲಿನವರ ಕೂಲಿಯೂ, ವರ್ಷಕ್ಕೊಮ್ಮೆ ಮುಳುಗಿ ನೋಡಿ ಬರೆಯುವ ವರದಿಯೂ ನಡೆಯಲಿ. ಇದೇ ಬಿಟ್ಟುವಟ್ಟ. ಕಾಂಕ್ರೀಟ್ ಕಡಿಮೆಯಾಗುತ್ತದೆ ಎಂದು ಗುತ್ತಿಗೆದಾರರು ಗೊಣಗುತ್ತಾರೆ. ಗೊಣಗಲಿ, ಆರು ಸಾವಿರ ಅನಾಥ ರಿಂಗಿಗಿಂತ ಐದು ಸಾವಿರದಷ್ಟು ಕಾವಲಿರುವ ರಿಂಗು ವಾಸಿ. ರಿಂಗು ಮಾರುವವನೇ ಈ ಮಾತು ಹೇಳುತ್ತಿದ್ದೇನೆ.

ಎತ್ತಿನಹೊಳೆಯ ನೀರು ಕುಡಿಯುವ ನಾವೂ ಕೊಡಬೇಕಾದ್ದಿದೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ನೀರು ಎತ್ತಿದರು, ಎಷ್ಟು ಕೆಳಗೆ ಬಿಟ್ಟರು ಎಂಬ ಲೆಕ್ಕ ಸಕಲೇಶಪುರದಲ್ಲೂ ಉಳ್ಳಾಲದಲ್ಲೂ ಬೋರ್ಡಿನ ಮೇಲೆ ಬರಲಿ. ನೇತ್ರಾವತಿಯ ಅಳಿವೆಯಲ್ಲಿ ಉಪ್ಪು, ಹೊಯಿಗೆ, ಮೀನಿನ ಮರಿಗಳ ಅಳತೆಯನ್ನು ವರ್ಷವಿಡೀ ಇಡುವ ಖರ್ಚು ಎತ್ತಿನಹೊಳೆ ಯೋಜನೆಯ ನಿರ್ವಹಣೆಯ ಹಣದಿಂದಲೇ ಹೋಗಲಿ. ಇಪ್ಪತ್ಮೂರು ಸಾವಿರ ಕೋಟಿಯ ಯೋಜನೆಗೆ ಅದು ಹೊರೆಯಲ್ಲ. ಅರಸೀಕೆರೆ, ಬೇಲೂರಿನ ಶಾಸಕರು ನೀರು ಯಾವಾಗ ಬರುತ್ತದೆ ಎಂದು ಸದನದಲ್ಲಿ ಕೇಳುತ್ತಾರೆ, ಕೇಳಲೇಬೇಕು. ಮುಂದಿನ ಅಧಿವೇಶನದಲ್ಲಿ ಅದರ ಜೊತೆಗೆ ಉಳ್ಳಾಲದ ಅಳಿವೆಯ ಲೆಕ್ಕವನ್ನೂ ಕೇಳಲಿ. ಕೇಳುವಂತೆ ನಮ್ಮ ತಾಲ್ಲೂಕಿನ ತೆಂಗು ಬೆಳೆಗಾರರ ಸಂಘಗಳೂ, ಹಳೇಬೀಡಿನ ಕೆರೆಗಾಗಿ ಹೋರಾಡಿದ ರೈತರೂ ಅವರಿಗೆ ಒಂದೊಂದು ಪತ್ರ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ನನ್ನ ಪತ್ರವನ್ನು ಅಂಚೆಗೆ ಹಾಕಿದ್ದೇನೆ.